ದೋಣಿ ಮೋಟರ್ ಸ್ಟಾರ್ಟ್ ಆಗದಿದ್ದರೆ ಸ್ಪ್ರೇ ಹೊಡೆಯಬೇಡಿ, ನೀರಿಲ್ಲದೆ ಓಡಿಸಬೇಡಿ

ಕರಾವಳಿಯಿಂದ ಸೆಕೆಂಡ್ ಹ್ಯಾಂಡ್ ಔಟ್‌ಬೋರ್ಡ್ ಮೋಟರ್ (ದೋಣಿಯ ಹಿಂಬದಿಗೆ ಕಟ್ಟುವ ಮೋಟರ್) ತರಿಸಿಕೊಳ್ಳುವ ಬೆಂಗಳೂರಿನವರು ದಯವಿಟ್ಟು ಇದನ್ನು ಓದಿ. ಈಚೆಗೆ ಬಿಚ್ಚಿ ನೋಡಿದ ಒಂದು ಮೋಟರ್‌ಗೆ ಆದದ್ದು ಇದು. 15 ಎಚ್‌ಪಿ, ಎರಡು ಸಿಲಿಂಡರ್, ಟು-ಸ್ಟ್ರೋಕ್, ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು. ಲಾರಿಯಿಂದ ಇಳಿದ ದಿನ ಅದಕ್ಕಿದ್ದ ಕಾಯಿಲೆ ಒಂದೇ: ಕಾರ್ಬ್ಯುರೇಟರ್ ಬಟ್ಟಲಲ್ಲಿ ಹಳೇ ಸೀಮೆಎಣ್ಣೆ ನಿಂತಿತ್ತು. ಅರ್ಧ ದಿನದ ಕೆಲಸ. ಎರಡು ದಿನ ಕಳೆಯುವಷ್ಟರಲ್ಲಿ ಮೇಲಿನ ಸಿಲಿಂಡರ್ ಸೀಜ್ ಆಗಿತ್ತು (ಪಿಸ್ಟನ್ ಒಳಗೇ ಹಿಡಿದುಕೊಂಡಿತ್ತು), ತಣಿಸುವ ನೀರನ್ನು ಮೇಲಕ್ಕೆ ತಳ್ಳುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ಪುಡಿಯಾಗಿತ್ತು, ದೋಣಿ ಹಿನ್ನೀರಿನ ನಡುವೆ ನಿಂತಿತ್ತು. ಹುಟ್ಟು ಜೊತೆಗಿದ್ದದ್ದರಿಂದ ದಡ ಸೇರಿದರು. ಮೋಟರ್ ಪೂರ್ತಿ ಕೆಟ್ಟದ್ದು ಅದನ್ನು ಹೇಗಾದರೂ ಸ್ಟಾರ್ಟ್ ಮಾಡಿಸಲು ಹೋಗಿ.

ನಮ್ಮ ಕರಾವಳಿಯ ನಾಡದೋಣಿಗಳು ಬಹಳ ಕಾಲದಿಂದ ಸೀಮೆಎಣ್ಣೆ ಮೋಟರ್ ಬಳಸುತ್ತಿವೆ. ಇವನ್ನು ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲ್‌ಗೆ ತಂದು ಕೆಲವು ನಿಮಿಷ ಓಡಿಸಬೇಕು. ಹಾಗೆ ಮಾಡದೆ ಆಫ್ ಮಾಡಿದರೆ ಬಟ್ಟಲಲ್ಲಿ ಸೀಮೆಎಣ್ಣೆಯೇ ಉಳಿಯುತ್ತದೆ. ಅದು ಕಿಡಿ ತಾಗಿ ಹೊತ್ತಿಕೊಳ್ಳುವಷ್ಟು ಆವಿಯಾಗಲು ಸುಮಾರು 35 ಡಿಗ್ರಿಯಾದರೂ ಬೇಕು. ಬೆಂಗಳೂರಿನ ಡಿಸೆಂಬರ್ ಬೆಳಗ್ಗೆ 15-16 ಡಿಗ್ರಿಯಲ್ಲಿ ಚೋಕ್ ಎಳೆದು ನೂರು ಸಲ ಹಗ್ಗ ಜಗ್ಗಿದರೂ ಸ್ಪಾರ್ಕ್ ಪ್ಲಗ್ ಒದ್ದೆಯಾಗುತ್ತದೆ ಅಷ್ಟೆ. ಪ್ಲಗ್ ಬಿಚ್ಚಿ ಮೂಸಿ ನೋಡಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಮಾರಿದವರು ಇದು ಸೀಮೆಎಣ್ಣೆ ಮೋಟರ್ ಎಂದು ಹೇಳಿರಲೇ ಇಲ್ಲ.

ಮೋಟರ್ ನೇರ ಒಂದು ಬೈಕ್ ವರ್ಕ್‌ಶಾಪಿಗೆ ಹೋಯಿತು. ಆರ್‌ಎಕ್ಸ್ 100 ಬೈಕ್ ಕಾಲದಿಂದ ಟು-ಸ್ಟ್ರೋಕ್ ಬಲ್ಲ ಒಳ್ಳೆ ಕೈಗಳು ಈ ಊರಲ್ಲಿವೆ, ಆ ಬಗ್ಗೆ ನಮಗೆ ಗೌರವವಿದೆ. ಆದರೆ ಬೈಕ್ ಗಾಳಿಯಲ್ಲಿ ತಣಿಯುತ್ತದೆ, ಇದು ನೀರಿನಲ್ಲಿ. ಮೋಟರನ್ನು ಬೆಂಚಿಗೆ ಕಟ್ಟಿ, ಕಾರ್ಬ್ಯುರೇಟರ್ ಬಾಯಿಗೆ ಥಟ್ಟನೆ ಹೊತ್ತಿಕೊಳ್ಳುವ ಸ್ಟಾರ್ಟಿಂಗ್ ಸ್ಪ್ರೇ ಹೊಡೆದು, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಗ್ಗ ಎಳೆದಿದ್ದಾರೆ. ಹೊತ್ತಿಕೊಂಡಿತು, ಕಿರುಚಿತು, ನಿಂತಿತು. ಇನ್ನೊಮ್ಮೆ ಸ್ಪ್ರೇ. ಹೀಗೆ ನಾಲ್ಕೈದು ಸಲ, ಕೊನೆಯ ಸಲ ಎರಡು-ಮೂರು ನಿಮಿಷ ಓಡಿದೆ. ಎಲ್ಲರಿಗೂ ಖುಷಿ.

ಒಳಗೆ ಆದದ್ದು ಬೇರೆ. ಟು-ಸ್ಟ್ರೋಕ್‌ನಲ್ಲಿ ಪಿಸ್ಟನ್, ಬೇರಿಂಗ್‌ಗಳಿಗೆ ಆಯಿಲ್ ಸಿಗುವುದು ಪೆಟ್ರೋಲ್ ಜೊತೆ ಬೆರೆತು ಬಂದರೆ ಮಾತ್ರ. ಸ್ಪ್ರೇಯಲ್ಲಿ ಅದಕ್ಕೆ ಸಾಕಾಗುವಷ್ಟು ಆಯಿಲ್ ಇರುವುದಿಲ್ಲ. ಸಾಲದ್ದಕ್ಕೆ ಸಿಲಿಂಡರ್ ಗೋಡೆಗೆ ಅಂಟಿದ್ದ ಆಯಿಲ್ ಪದರವನ್ನೂ ಅದು ತೊಳೆದುಬಿಡುತ್ತದೆ. ಮೇಲಿನ ಸಿಲಿಂಡರ್ ಗೋಡೆಯಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳಿದ್ದವು. ಕೆಳಗೆ, ಪ್ರೊಪೆಲ್ಲರ್‌ಗಿಂತ ಸ್ವಲ್ಪ ಮೇಲಿನ ವಾಟರ್ ಪಂಪ್ ಬಿಚ್ಚಿದರೆ ಸುಟ್ಟ ರಬ್ಬರ್ ವಾಸನೆ. ಇಂಪೆಲ್ಲರ್‌ನ ಆರು ರೆಕ್ಕೆಗಳಲ್ಲಿ ನಾಲ್ಕು ಬುಡದಲ್ಲೇ ಕಿತ್ತುಹೋಗಿದ್ದವು, ಉಳಿದೆರಡು ಒಂದೇ ಕಡೆ ಬಾಗಿ ಗಟ್ಟಿಯಾಗಿದ್ದವು, ಸ್ಟೀಲ್ ಬಟ್ಟಲಿಗೆ ಕಪ್ಪು ಪುಡಿ ಮೆತ್ತಿಕೊಂಡಿತ್ತು. ಈ ರಬ್ಬರ್‌ಗೆ ಜಾರಿಕೆ ಕೊಡುವುದು ನೀರೇ. ಒಣಗಿ ತಿರುಗಿದರೆ ಹಾಳಾಗಲು ಒಂದು ನಿಮಿಷವೂ ಬೇಡ. ಕಿತ್ತ ಚೂರುಗಳು ನೀರಿನ ದಾರಿಗೆ ಹೋಗಿ ಅಲ್ಲೂ ಸಿಕ್ಕಿಕೊಂಡಿದ್ದವು. ಮರುದಿನ ಹಿನ್ನೀರಿನಲ್ಲಿ ಮೋಟರ್ ಹಿಂಬದಿಯ ಸಣ್ಣ ತೂತಿನಿಂದ ನೀರಿನ ಧಾರೆ ಬರಲಿಲ್ಲ. ಅದನ್ನು ನೋಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಸ್ಟಾರ್ಟ್ ಆದ ಅರ್ಧ ನಿಮಿಷದಲ್ಲಿ ಆ ಧಾರೆ ಕಾಣದಿದ್ದರೆ ತಕ್ಷಣ ಆಫ್ ಮಾಡಲೇಬೇಕು.

ಹಾಗಾದರೆ ಏನು ಮಾಡಬೇಕಿತ್ತು?

ಮೊದಲು ಸ್ಪ್ಯಾನರ್ ಮುಟ್ಟದೆ ನೋಡುವ ನಾಲ್ಕು ವಿಷಯಗಳಿವೆ. ಸ್ಟಾಪ್ ಸ್ವಿಚ್‌ನ ಕೆಂಪು ಕ್ಲಿಪ್ ಜಾಗದಲ್ಲಿದೆಯೇ, ಗೇರ್ ನ್ಯೂಟ್ರಲ್‌ನಲ್ಲಿದೆಯೇ, ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ತೆರೆದಿದೆಯೇ, ಪೈಪಿನ ನಡುವೆ ಇರುವ ರಬ್ಬರ್ ಉಂಡೆಯ ಬಾಣ ಮೋಟರ್ ಕಡೆಗಿದೆಯೇ. ಉಂಡೆ ಹಿಸುಕುತ್ತಾ ಹೋದರೆ ಗಟ್ಟಿಯಾಗಿ ನಿಲ್ಲಬೇಕು. ಮೆತ್ತಗೇ ಉಳಿದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಅಥವಾ ಉಂಡೆಯ ವಾಲ್ವ್ ಹೋಗಿದೆ.

ಆಮೇಲೆ ಎರಡೂ ಪ್ಲಗ್ ಬಿಚ್ಚಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿದ್ದರೆ ಕರೆಂಟ್ ಇಲ್ಲ, ಇಲ್ಲವೇ ಬಂದಿರುವ ಇಂಧನವೇ ಸರಿಯಿಲ್ಲ. ಕಿಡಿ ನೋಡುವಾಗ ಎರಡೂ ಪ್ಲಗ್‌ಗಳನ್ನು ಕ್ಯಾಪ್‌ಗೆ ಹಾಕಿ, ಅವುಗಳ ಲೋಹದ ಮೈ ಇಂಜಿನ್‌ಗೆ ಗಟ್ಟಿಯಾಗಿ ತಾಗಿರುವಂತೆ, ಪ್ಲಗ್ ತೂತುಗಳಿಂದ ದೂರ ಇಟ್ಟು ಎಳೆಯಿರಿ. ಕ್ಯಾಪ್‌ಗಳನ್ನು ಗಾಳಿಯಲ್ಲಿ ನೇತಾಡಲು ಬಿಟ್ಟು ಎಳೆದರೆ ಕಿಡಿ ಹುಟ್ಟಿಸುವ ಎಲೆಕ್ಟ್ರಾನಿಕ್ ಡಬ್ಬಿ, ಅಂದರೆ ಸಿಡಿಐ, ಸುಟ್ಟುಹೋಗಬಹುದು, ಹಳೇ ಮಾದರಿಗೆ ಅದು ಸುಲಭಕ್ಕೆ ಸಿಗುವುದಿಲ್ಲ. ಸುತ್ತ ಪೆಟ್ರೋಲ್ ಚೆಲ್ಲಿದ್ದರೆ ಮೊದಲು ಒರೆಸಿ, ಒಣಗಲು ಬಿಡಿ. ನೀಲಿ ಕಿಡಿ ಚಟಪಟ ಸದ್ದಿನೊಂದಿಗೆ ಬಂದರೆ ಕರೆಂಟ್ ಕಡೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಕಿಡಿ ಇಲ್ಲವಾದರೆ ಉಪ್ಪುಗಾಳಿಗೆ ಹಸಿರುಗಟ್ಟಿದ ವೈರ್ ಜಾಯಿಂಟ್‌ಗಳು ಮತ್ತು ಸ್ಟಾಪ್ ಸ್ವಿಚ್ ಮೇಲೆ ಮೊದಲ ಅನುಮಾನ ಇರಲಿ. ಕಿಡಿಯೂ ಇದೆ, ಪೆಟ್ರೋಲೂ ಇದೆ, ಆದರೂ ಹಿಂದಕ್ಕೆ ಒದೆಯುತ್ತಿದೆ ಎಂದಾದರೆ ಫ್ಲೈವೀಲ್ ಕೆಳಗಿನ ಅರ್ಧಚಂದ್ರದ ಕೀ ಕತ್ತರಿಸಿ ಟೈಮಿಂಗ್ ಸರಿದಿರಬಹುದು. ಪ್ಲಗ್ ಕೊಳ್ಳುವಾಗ ನಂಬರ್ ಪೂರ್ತಿ ಓದಿ. ಎನ್‌ಜಿಕೆ ಕಂಪನಿಯ ಪ್ಲಗ್‌ನಲ್ಲಿ ಕೊನೆಗೆ ‘-10’ ಇದ್ದರೆ ಗ್ಯಾಪ್ 1.0 ಮಿ.ಮೀ. ಅದಿಲ್ಲದ್ದು ಬೇರೆ ಗ್ಯಾಪ್, ಎರಡನ್ನೂ ಒಂದೇ ಎಂದು ಹಾಕಬೇಡಿ.

ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಲು ಎರಡೂ ಪ್ಲಗ್ ಹೊರಗೆ, ಪ್ಲಗ್ ತೂತಿಗೆ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ತೆರೆದು, ನಾಲ್ಕೈದು ಗಟ್ಟಿ ಎಳೆತ. ಇಲ್ಲೂ ಕ್ಯಾಪ್‌ಗಳು ಇಂಜಿನ್‌ಗೆ ಅರ್ತ್ ಆಗಿರಲಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಮೇಲಿದೆ, ಗಾಳಿ ತೆಳು, ಗೇಜ್ ಸುಮಾರು ನೂರಕ್ಕೆ ಹತ್ತರಷ್ಟು ಕಡಿಮೆ ತೋರಿಸುತ್ತದೆ. ಮಲ್ಪೆಯಲ್ಲಿ 110 ಪಿಎಸ್‌ಐ ಇದ್ದದ್ದು ಇಲ್ಲಿ 100ರ ಆಸುಪಾಸು ಬಂದರೆ ಗಾಬರಿ ಬೇಡ. ಸೀಮೆಎಣ್ಣೆ ಮಾದರಿಗಳಲ್ಲಿ ಮೊದಲಿನಿಂದಲೂ ಕಡಿಮೆಯೇ. ಮುಖ್ಯವಾಗಿ ನೋಡಬೇಕಾದ್ದು ಎರಡು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ. ಅದು 15 ಪಿಎಸ್‌ಐ ದಾಟಿದರೆ ಮೋಟರ್ ಬಿಚ್ಚದೆ ಮುಂದುವರಿಯಬೇಡಿ.

ಈ ಮೋಟರ್‌ಗೆ ಬೇಕಿದ್ದದ್ದು ಕಾರ್ಬ್ಯುರೇಟರ್ ಕೆಲಸ. ಬಟ್ಟಲ ತಳದ ತಿರುಪು ಬಿಚ್ಚಿ ಒಂದು ಗಾಜಿನ ಲೋಟಕ್ಕೆ ಇಳಿಸಿ, ಹತ್ತು ನಿಮಿಷ ಬಿಡಿ. ತಳದಲ್ಲಿ ಬೇರೆ ಪದರ ಕಂಡರೆ ನೀರು. ಈಗ ಬಂಕ್‌ಗಳಲ್ಲಿ ಸಿಗುವ ಇ20 (ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಬೆರೆಸಿದ) ಪೆಟ್ರೋಲ್‌ನ ಎಥನಾಲ್ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತರೆ ನೀರು-ಎಥನಾಲ್ ಬೇರ್ಪಟ್ಟು ತಳಕ್ಕಿಳಿಯುತ್ತದೆ, ಟ್ಯಾಂಕಿನ ಪೈಪ್ ಎಳೆಯುವುದೂ ತಳದಿಂದಲೇ. ಹಳೇ ರಬ್ಬರ್ ಪೈಪ್, ಫ್ಯುಯಲ್ ಪಂಪ್ ಡಯಾಫ್ರಂಗಳಿಗೂ ಅದು ಒಗ್ಗುವುದಿಲ್ಲ. ಇಂಧನ ಹಾಯುವ ಸಣ್ಣ ಹಿತ್ತಾಳೆ ತೂತುಗಳಾದ ಜೆಟ್‌ಗಳನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ತೂತು ದುಂಡಗೆ ಕಾಣಬೇಕು. ಮುಚ್ಚಿದ್ದರೆ ಕ್ಲೀನರ್ ಹಾಕಿ ಗಾಳಿ ಹೊಡೆಯಿರಿ. ತಂತಿ ಚುಚ್ಚಬೇಡಿ, ಹಿತ್ತಾಳೆ ಮೆದು, ತೂತು ದೊಡ್ಡದಾದರೆ ಮಿಕ್ಸ್ಚರ್ ಕೆಡುತ್ತದೆ.

ಆಯಿಲ್ ವಿಷಯಕ್ಕೆ ಬಂದರೆ, ಬೈಕಿನ 2ಟಿ ಆಯಿಲ್ ಬೇಡ. ಡಬ್ಬದ ಮೇಲೆ ಟಿಸಿ-ಡಬ್ಲ್ಯು3 (ನೀರಿನಲ್ಲಿ ತಣಿಯುವ ಟು-ಸ್ಟ್ರೋಕ್ ಮೋಟರ್‌ಗಳ ಆಯಿಲ್ ದರ್ಜೆ) ಎಂದಿರಬೇಕು. ಪೆಟ್ರೋಲ್-ಆಯಿಲ್ ಅನುಪಾತ 50:1 ಎಂದರೆ ಲೀಟರ್ ಪೆಟ್ರೋಲ್‌ಗೆ 20 ಮಿ.ಲೀ. ಆಯಿಲ್, 25:1 ಎಂದರೆ 40 ಮಿ.ಲೀ. ನಿಮ್ಮ ಮಾದರಿಗೆ ಯಾವುದು ಎಂಬುದನ್ನು ಅದರ ಕೈಪಿಡಿ ನೋಡಿಯೇ ಹಾಕಿ.

ಟೆಸ್ಟ್ ಮಾಡಲು 200 ಲೀಟರ್ ಡ್ರಮ್ ಸಾಕು. ಪ್ರೊಪೆಲ್ಲರ್ ಬಿಚ್ಚಿಡಿ, ಅದರ ಮೇಲಿನ ಅಗಲ ತಟ್ಟೆಗಿಂತ ಕನಿಷ್ಠ 10 ಸೆಂ.ಮೀ. ಮೇಲಕ್ಕೆ ನೀರು ತುಂಬಿ. ಕಡಲಿಂದ ಬಂದ ಮೋಟರ್ ಆದರೆ ಇಂಪೆಲ್ಲರ್ ಹೊಸದು ಹಾಕಿಯೇ ಮೊದಲ ಸಲ ಓಡಿಸಿ. ಅಪಾರ್ಟ್‌ಮೆಂಟ್‌ನ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಮಾತ್ರ ಇದನ್ನು ಮಾಡಬೇಡಿ. ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಜೀವ ಹೋಗುತ್ತದೆ.

ಕೊಳ್ಳುವಾಗ ಇಂಧನದ ಪೈಪಿನಲ್ಲಿ ಎರಡು ಕಡೆ ತಿರುಗುವ ಕಾಕ್ ಅಥವಾ ಎರಡು ಟ್ಯಾಂಕಿನ ಜೋಡಣೆ ಕಂಡರೆ ಅದು ಬಹುಶಃ ಸೀಮೆಎಣ್ಣೆ ಮೋಟರ್. ಗೇರ್ ಬಾಕ್ಸ್‌ನ ತಳದ ತಿರುಪು ಬಿಚ್ಚಿ ಒಂದು ಚಮಚ ಆಯಿಲ್ ಇಳಿಸಿ ನೋಡಿ, ಹಾಲು ಬೆರೆಸಿದ ಕಾಫಿಯ ಹಾಗಿದ್ದರೆ ಸೀಲ್ ಹೋಗಿ ನೀರು ಒಳಗೆ ಸೇರಿದೆ.

ಈಗಾಗಲೇ ಯಾರೋ ಸ್ಪ್ರೇ ಹೊಡೆದುಬಿಟ್ಟಿದ್ದರೆ ಇನ್ನೊಂದು ಸಲ ಹಗ್ಗ ಎಳೆಯಬೇಡಿ. ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರ್‌ಗೆ 5 ಮಿ.ಲೀ. ಟು-ಸ್ಟ್ರೋಕ್ ಆಯಿಲ್ ಬಿಟ್ಟು, ಫ್ಲೈವೀಲನ್ನು ಗಡಿಯಾರದ ಮುಳ್ಳು ತಿರುಗುವ ಕಡೆಗೆ ಕೈಯಲ್ಲಿ ನಿಧಾನ ಹತ್ತು ಸುತ್ತು ತಿರುಗಿಸಿ. ಎಲ್ಲಾದರೂ ಬಿಗಿಯಾದರೆ, ಕರಕರ ಎಂದರೆ, ಅಲ್ಲಿಗೇ ನಿಲ್ಲಿಸಿ ಸಿಲಿಂಡರ್ ಹೆಡ್ ಬಿಚ್ಚಿಸಿ.