ಶೂರ್ ಬಿಎಲ್‌ಎಕ್ಸ್ 288 ಜೋಡಿ ಕಾರ್ಡ್‌ಲೆಸ್ ಮೈಕ್: ಮುಂಬೈನ ಸಭಾಗೃಹಕ್ಕೆ ಹೊಂದುತ್ತದೆಯೇ?

ಮಾಟುಂಗದ ಮೈಸೂರು ಅಸೋಸಿಯೇಷನ್ನಿನಿಂದ ಹಿಡಿದು ಡೊಂಬಿವಲಿ, ವಾಶಿಯ ಕನ್ನಡ ಸಂಘಗಳವರೆಗೆ ಇಲ್ಲಿನ ಕಾರ್ಯಕ್ರಮಗಳಲ್ಲಿ ಮಾತಿಗೇ ಮೊದಲ ಮಣೆ. ಗಮಕಿಗಳು ವಾಚನ ಮಾಡುತ್ತಾರೆ, ಪಕ್ಕದಲ್ಲಿ ಕುಳಿತವರು ವ್ಯಾಖ್ಯಾನ ಹೇಳುತ್ತಾರೆ. ನಿರೂಪಕರು ವೇದಿಕೆಯ ಒಂದು ಮೂಲೆಯಲ್ಲಿ, ಅತಿಥಿಗಳು ನಡುವೆ. ಇರುವ ಒಂದೇ ಮೈಕನ್ನು ಕೈಯಿಂದ ಕೈಗೆ ದಾಟಿಸುತ್ತ ಹೋದರೆ ಪ್ರತಿಯೊಬ್ಬರ ಮೊದಲ ವಾಕ್ಯವೂ ಕೇಳುಗರ ಪಾಲಿಗೆ ಇಲ್ಲ. ಹಾಗಾಗಿ ಎರಡು ಹ್ಯಾಂಡ್‌ಮೈಕ್, ಅವುಗಳ ಸಿಗ್ನಲ್ ಹಿಡಿದು ಮಿಕ್ಸರ್‌ಗೆ ಕೊಡುವ ಒಂದು ರಿಸೀವರ್ ಇರುವ ಕಾರ್ಡ್‌ಲೆಸ್ ಸೆಟ್ ಬೇಕು ಎಂದು ಸಂಘಗಳು ಕೇಳುತ್ತವೆ. ಕೇಳಿದಾಗ ಅಂಗಡಿಯವರು ಬಹುತೇಕ ಮೊದಲು ತೋರಿಸುವುದು ಶೂರ್ ಕಂಪನಿಯ ಬಿಎಲ್‌ಎಕ್ಸ್ 288.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಮುನ್ನೂರು, ನಾನೂರು ಕುರ್ಚಿಯ ಹಾಲ್‌ಗೆ, ರಿಸೀವರ್ ಅನ್ನು ವೇದಿಕೆಯ ಹತ್ತಿರ ಕಣ್ಣಿಗೆ ಕಾಣುವಂತೆ ಇಡಲು ಜಾಗವಿದ್ದರೆ, ಇದು ನೆಚ್ಚಿಕೊಳ್ಳಬಹುದಾದ ಸೆಟ್. ಸೌಂಡ್ ಸಾಮಾನನ್ನೆಲ್ಲ ಹಿಂದಿನ ಕೋಣೆಯ ಸ್ಟೀಲ್ ಕಪಾಟಿನಲ್ಲಿ ಬೀಗ ಹಾಕಿಟ್ಟೇ ನಡೆಸುವ ಹಾಲ್ ಆದರೆ ಬೇಡ. ಕಾರಣ ಮುಂದೆ ಬರುತ್ತದೆ.

ಪೆಟ್ಟಿಗೆಯಲ್ಲಿ ಬಿಎಲ್‌ಎಕ್ಸ್ 88 ಎಂಬ ಎರಡು ಚಾನೆಲ್‌ನ ರಿಸೀವರ್, ಬಿಎಲ್‌ಎಕ್ಸ್ 2 ಎಂಬ ಎರಡು ಮೈಕ್ ಮತ್ತು ಅಡಾಪ್ಟರ್ ಇರುತ್ತವೆ. ಮೈಕಿನ ತಲೆಯಾಗಿ ಸಾಮಾನ್ಯವಾಗಿ ಸಿಗುವುದು ಪಿಜಿ 58 ಮತ್ತು ಎಸ್‌ಎಂ 58, ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ರೇಡಿಯೋ ಭಾಗ ಎರಡಕ್ಕೂ ಒಂದೇ, ವ್ಯತ್ಯಾಸ ಇರುವುದು ತಲೆಯಲ್ಲಿ ಮಾತ್ರ. ಎಸ್‌ಎಂ 58 1966ರಿಂದ ಮಾರುಕಟ್ಟೆಯಲ್ಲಿದೆ. ಸದ್ದು ಹಿಡಿಯುವ ಅದರ ಕ್ಯಾಪ್ಸೂಲ್ ಒಳಗಡೆ ಆಘಾತ ತಡೆಯುವ ಜೋಡಣೆಯ ಮೇಲೆ ಕೂತಿರುವುದರಿಂದ ಕೈ ಬದಲಾಯಿಸುವಾಗಿನ ಗರಗರ ಸದ್ದು ಕಡಿಮೆ. ಭಾಷಣಕಾರರ ಕೈಗೆ ಹೋಗುವ ಮೈಕಿಗೆ ಇದು ದೊಡ್ಡ ಗುಣ. ಹಣ ಹೊಂದಿಸಬಹುದಾದರೆ ಎಸ್‌ಎಂ 58ನ್ನೇ ತೆಗೆದುಕೊಳ್ಳಿ.

ಕಾರ್ಡ್‌ಲೆಸ್ ಮೈಕ್ ಕೈಕೊಟ್ಟಾಗ ಎಲ್ಲರೂ ಮೈಕನ್ನು ತಟ್ಟಿ ನೋಡುತ್ತಾರೆ. ತೊಂದರೆ ಮಾತ್ರ ಹೆಚ್ಚಾಗಿ ಗಾಳಿಯಲ್ಲಿರುತ್ತದೆ. ಈ ಮೈಕ್ ಹೊರಸೂಸುವ ಶಕ್ತಿ ಸುಮಾರು 10 ಮಿಲಿವ್ಯಾಟ್. ಸಭಿಕರ ಜೇಬಿನಲ್ಲಿರುವ ಮೊಬೈಲ್ 200 ಮಿಲಿವ್ಯಾಟ್‌ವರೆಗೂ ಏರಬಲ್ಲದು. ಎರಡೂ ಒಂದೇ ಬ್ಯಾಂಡಿನಲ್ಲಿ, ಅಂದರೆ ಫ್ರೀಕ್ವೆನ್ಸಿಯ ಒಂದೇ ಪಟ್ಟಿಯಲ್ಲಿ ಇದ್ದರೆ ಯಾರು ಗೆಲ್ಲುತ್ತಾರೆ ಎಂದು ಹೇಳಬೇಕಿಲ್ಲ. 2022ರ ಹರಾಜಿನಲ್ಲಿ 700 ಮೆಗಾಹರ್ಟ್ಸ್ ಬ್ಯಾಂಡಿನ ಒಂದು ಭಾಗ ಜಿಯೋ ಪಾಲಾಗಿ 5ಜಿಗೆ ಹೋಯಿತು. 703ರಿಂದ 748ರವರೆಗೆ ಮೊಬೈಲ್ ಮಾತಾಡುತ್ತದೆ, 758ರಿಂದ 803ರವರೆಗೆ ಟವರ್ ಮಾತಾಡುತ್ತದೆ. ಸಂಘದ ಕಪಾಟಿನಲ್ಲಿ ಹಳೆಯ ಸೆಟ್ ಇದ್ದು, ಅದರ ಬೆನ್ನ ಮೇಲೆ ಈ ಅಂಕಿಗಳ ನಡುವಿನ ಫ್ರೀಕ್ವೆನ್ಸಿ ಬರೆದಿದ್ದರೆ, ಖಾಲಿ ಹಾಲ್‌ನಲ್ಲಿ ಚೆನ್ನಾಗಿ ಕೇಳಿಸಿದ್ದು ಜನ ತುಂಬಿದ ಮೇಲೆ ಗೊರಗೊರ ಎನ್ನುವುದು ಬಹುಶಃ ಇದೇ ಕಾರಣಕ್ಕೆ. ಮೈಕನ್ನು ರಿಪೇರಿಗೆ ಕೊಟ್ಟು ಪ್ರಯೋಜನವಿಲ್ಲ.

ಬಿಎಲ್‌ಎಕ್ಸ್ ಕೂಡ ಬೇರೆ ಬೇರೆ ಬ್ಯಾಂಡಿನಲ್ಲಿ ತಯಾರಾಗುತ್ತದೆ. ಬ್ಯಾಂಡಿನ ಹೆಸರು, ಅಂಕಿ ರಿಸೀವರ್ ಮೇಲೂ ಮೈಕಿನ ಮೇಲೂ ಅಚ್ಚಾಗಿರುತ್ತವೆ. ಎರಡೂ ಒಂದೇ ಇರಬೇಕು, 700ಕ್ಕಿಂತ ಕೆಳಗಿರಬೇಕು. ದುಬೈಯಿಂದಲೋ ಅಮೆರಿಕದಿಂದಲೋ ಬಂಧುಗಳು ತಂದುಕೊಟ್ಟ ಸೆಟ್‌ನಲ್ಲಿ ಆಯಾ ದೇಶಕ್ಕೆ ಹೊಂದುವ ಬ್ಯಾಂಡ್ ಇರುತ್ತದೆ. ಅದರ ಒಂದು ಮೈಕ್ ಹಾಳಾದರೆ ಇಲ್ಲಿ ಕೊಂಡ ಮೈಕ್ ಅದಕ್ಕೆ ಜೋಡಿಯಾಗದೇ ಹೋಗಬಹುದು. ಪ್ರೀತಿಯಿಂದ ತಂದಿರುತ್ತಾರೆ, ಆದರೂ ಊರಲ್ಲೇ ಬಿಲ್ ಸಮೇತ ಕೊಳ್ಳುವುದೇ ಲೇಸು.

ಈಗ ಜೋಡಿಸುವ ಬಗೆ. ರಿಸೀವರ್ ಅನ್ನು ವೇದಿಕೆಯ ಪಕ್ಕ, ಸ್ಟೂಲ್ ಅಥವಾ ಸ್ಟ್ಯಾಂಡಿನ ಮೇಲೆ, ನಿಂತವರ ತಲೆಗಿಂತ ಸ್ವಲ್ಪ ಎತ್ತರದಲ್ಲಿಡಿ. ಮೈಕಿಗೂ ರಿಸೀವರ್‌ಗೂ ನಡುವೆ ಮನುಷ್ಯರು ಬರಬಾರದು, ಏಕೆಂದರೆ ನೀರೇ ಹೆಚ್ಚಿರುವ ನಮ್ಮ ದೇಹ ಈ ಅಲೆಗಳನ್ನು ಚೆನ್ನಾಗಿ ಹೀರುತ್ತದೆ. 91 ಮೀಟರ್ ದೂರ ತಲುಪುತ್ತದೆ ಎಂದು ಕಂಪನಿ ಹೇಳುವುದು ಅಡ್ಡಿಯೇ ಇಲ್ಲದ ಬಯಲಿನ ಲೆಕ್ಕ. ಹಾಗೆಂದು ತೀರ ಹತ್ತಿರವೂ ಬೇಡ. ಮೈಕ್ ಹಿಡಿದವರು ರಿಸೀವರ್‌ನಿಂದ ಮೂರು ಮೀಟರಾದರೂ ಆಚೆ ಇರಲಿ. ಎರಡು ಮೈಕ್‌ಗಳನ್ನು ಅಕ್ಕಪಕ್ಕ ಹಿಡಿದು ರಿಸೀವರ್ ಮುಂದೆಯೇ ನಿಂತರೆ ಅವುಗಳ ಅಲೆಗಳು ಒಂದಕ್ಕೊಂದು ಬೆರೆತು ಮೂರನೆಯ, ನಾಲ್ಕನೆಯ ಫ್ರೀಕ್ವೆನ್ಸಿ ಹುಟ್ಟಿಸುತ್ತವೆ. ಒಂದು ಮೈಕ್ 620ರಲ್ಲಿ, ಇನ್ನೊಂದು 624ರಲ್ಲಿ ಇದ್ದರೆ 616 ಮತ್ತು 628ರಲ್ಲಿ ಪಿಶಾಚಿ ಸಿಗ್ನಲ್ ಕಾಣಿಸಿಕೊಳ್ಳುತ್ತದೆ. ಎರಡೇ ಮೈಕ್ ಇದ್ದಾಗ ಇದರಿಂದ ಹಾನಿಯಿಲ್ಲ. ಬಾಡಿಗೆಗೆ ಬಂದ ಮೂರನೆಯ ಮೈಕ್ 628ರಲ್ಲಿ ಕೂತಿದ್ದರೆ ಅದರ ಕಥೆ ಮುಗಿಯಿತು. ಒಂದೇ ಗ್ರೂಪ್‌ನ ಚಾನೆಲ್‌ಗಳನ್ನೇ ಬಳಸಬೇಕು ಎಂದು ಹೇಳುವುದು ಈ ಲೆಕ್ಕ ನೋಡಿಯೇ. ಒಂದು ಗ್ರೂಪ್‌ನೊಳಗಿನ ಚಾನೆಲ್‌ಗಳನ್ನು ಹೀಗೆ ಢಿಕ್ಕಿಯಾಗದಂತೆ ಮೊದಲೇ ಆರಿಸಿಟ್ಟಿರುತ್ತಾರೆ.

ರಿಸೀವರ್ ತಾನೇ ಖಾಲಿ ಚಾನೆಲ್ ಹುಡುಕುವುದಕ್ಕೆ ಸ್ಕ್ಯಾನ್ ಎನ್ನುತ್ತಾರೆ. ಸ್ಕ್ಯಾನ್ ಮಾಡುವ ಮುನ್ನ ಎರಡೂ ಮೈಕ್ ಆಫ್ ಮಾಡಿ. ಕಾರ್ಯಕ್ರಮದ ವೇಳೆ ಉರಿಯುವ ಉಳಿದೆಲ್ಲವನ್ನೂ ಆನ್ ಮಾಡಿ: ಎಲ್‌ಇಡಿ ವಾಲ್, ಬಣ್ಣದ ಲೈಟು, ಲ್ಯಾಪ್‌ಟಾಪ್, ಪ್ರೊಜೆಕ್ಟರ್. ಗಣೇಶೋತ್ಸವದ ಪೆಂಡಾಲ್‌ಗಳಲ್ಲಿ ಬಾಡಿಗೆಗೆ ಬರುವ ಅಗ್ಗದ ಎಲ್‌ಇಡಿ ವಾಲ್‌ಗಳ ಪವರ್ ಸಪ್ಲೈ ಈ ಬ್ಯಾಂಡಿನಲ್ಲಿ ಗಲಾಟೆ ಎಬ್ಬಿಸುತ್ತದೆ. ವಾಲ್ ಆಫ್ ಇದ್ದಾಗ ಸ್ಕ್ಯಾನ್ ಮಾಡಿ ಸಿಕ್ಕ ಚಾನೆಲ್ ವಾಲ್ ಆನ್ ಆದ ಕೂಡಲೇ ಕೆಡುತ್ತದೆ. ಮೊದಲ ಚಾನೆಲ್ ಸ್ಕ್ಯಾನ್ ಆಗಿ ರಿಸೀವರ್ ತೋರಿಸಿದ ಗ್ರೂಪ್ ಮತ್ತು ಚಾನೆಲನ್ನೇ ಮೊದಲ ಮೈಕಿನಲ್ಲಿ ಅದರ ಬಟನ್ ಒತ್ತಿ ಹೊಂದಿಸಿ. ಆ ಮೈಕನ್ನು ಆನ್ ಇಟ್ಟುಕೊಂಡೇ ಎರಡನೆಯದಕ್ಕೆ ಅದೇ ಗ್ರೂಪ್‌ನಲ್ಲಿ ಸ್ಕ್ಯಾನ್ ಮಾಡಿ. ಈ ಕ್ರಮ ತಪ್ಪಿ ಎರಡೂ ಮೈಕ್ ಒಂದೇ ಚಾನೆಲ್‌ಗೆ ಬಿದ್ದರೆ, ಯಾವುದರ ಸಿಗ್ನಲ್ ಬಲವೋ ಅದು ಇನ್ನೊಂದನ್ನು ನುಂಗುತ್ತದೆ. ಇಬ್ಬರೂ ನಡೆದಾಡುತ್ತಿದ್ದರೆ ಸರದಿಯಂತೆ ಮಾತು ಬಂದು ಹೋಗಿ, ನಡುವೆ ಸಿಳ್ಳೆ ಕೇಳಿಸುತ್ತದೆ. ಜನ ಇದನ್ನು ಲೂಸ್ ಕನೆಕ್ಷನ್ ಎಂದುಕೊಂಡು ಕೇಬಲ್ ಕಿತ್ತು ಹಾಕುತ್ತಾರೆ. ಕೇಬಲ್ ಪಾಪ, ಅದರದೇನೂ ತಪ್ಪಿಲ್ಲ.

ಪಕ್ಕದ ಗಲ್ಲಿಯ ಪೆಂಡಾಲ್ ನಿನ್ನೆ ಇರಲಿಲ್ಲ, ಇಂದು ಇದೆ. ಹಾಗಾಗಿ ಸ್ಕ್ಯಾನ್ ಆಯಾ ದಿನವೇ ಆಗಬೇಕು. ಆಮೇಲೆ ಮೈಕ್ ಹಿಡಿದು ಮಾತಾಡುತ್ತ ವೇದಿಕೆಯ ಉದ್ದಗಲ, ಮೆಟ್ಟಿಲು, ಮೊದಲ ಸಾಲಿನವರೆಗೂ ನಡೆದು ನೋಡಿ. ಒಂದು ನಿರ್ದಿಷ್ಟ ಜಾಗದಲ್ಲಿ ಮಾತ್ರ ಸ್ವರ ಕಡಿದರೆ ಅದು ಗೋಡೆ, ಕಬ್ಬಿಣದ ತೊಲೆಗಳಿಗೆ ಬಡಿದು ವಾಪಸು ಬಂದ ಅಲೆಯ ಕೆಲಸ. ಈ ಅಲೆಗಳ ಉದ್ದ ಸುಮಾರು ಅರ್ಧ ಮೀಟರ್. ಆದ್ದರಿಂದ ರಿಸೀವರ್ ಅನ್ನು ಒಂದು ಗೇಣು ಆಚೀಚೆ ಸರಿಸಿದರೂ ಆ ಜಾಗ ಸರಿಹೋಗುವುದುಂಟು. ಇದು ಅನಲಾಗ್ ಸೆಟ್ ಆದ್ದರಿಂದ ಸಿಗ್ನಲ್ ಸೋಲುವಾಗ ಸಾಮಾನ್ಯವಾಗಿ ಮೊದಲು ಸುಯ್ ಎನ್ನುವ ಸದ್ದು ಕೊಟ್ಟು ಎಚ್ಚರಿಸುತ್ತದೆ. ಡಿಜಿಟಲ್ ಸೆಟ್ ಕಡೆಯವರೆಗೂ ಸ್ವಚ್ಛವಾಗಿದ್ದು ಥಟ್ಟನೆ ನಿಲ್ಲುತ್ತದೆ.

ರಿಸೀವರ್‌ನ ಪ್ರತಿ ಚಾನೆಲ್‌ಗೂ ಬೇರೆ ಬೇರೆ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನದು) ಮತ್ತು ಕಾಲಿಂಚು ಜ್ಯಾಕ್ ಔಟ್‌ಪುಟ್ ಇದೆ. ಎರಡನ್ನೂ ಮಿಕ್ಸರ್‌ನ ಎರಡು ಬೇರೆ ಚಾನೆಲ್‌ಗೆ ಕೊಡಿ. ಇನ್‌ಪುಟ್ ಒಂದೇ ಉಳಿದಿದೆ ಎಂದು ವೈ ಕೇಬಲ್ ಹಾಕಿ ಎರಡು ಔಟ್‌ಪುಟ್‌ಗಳನ್ನು ಕೂಡಿಸಬೇಡಿ. ಒಂದು ಇನ್ನೊಂದಕ್ಕೆ ಹೊರೆಯಾಗಿ ಎರಡೂ ದನಿ ಕುಗ್ಗುತ್ತವೆ. ಮೇಲಾಗಿ ಗಟ್ಟಿ ಗಂಟಲಿನವರಿಗೂ ಮೆಲುದನಿಯವರಿಗೂ ಬೇರೆ ಬೇರೆ ಗೇನ್ (ದನಿ ಹಿಗ್ಗಿಸುವ ಮಟ್ಟ) ಕೊಡುವ ಅನುಕೂಲವೇ ಹೋಗುತ್ತದೆ. ಗುಂಯ್ ಎಂಬ ಕರೆಂಟಿನ ಸದ್ದು ಬಂದರೆ ರಿಸೀವರ್ ಅಡಾಪ್ಟರನ್ನೂ ಮಿಕ್ಸರನ್ನೂ ಒಂದೇ ಬೋರ್ಡಿನಿಂದ ತೆಗೆದುಕೊಳ್ಳಿ.

ಗೇನ್ ಇಡುವಾಗ "ಹಲೋ, ಮೈಕ್ ಟೆಸ್ಟಿಂಗ್" ಸಾಲದು. ತಾಳಮದ್ದಳೆಯ ಅರ್ಥಧಾರಿಗಳು ಸಂವಾದ ಬಿಸಿಯೇರಿದಾಗ ಎತ್ತುವ ದನಿಯಲ್ಲೇ ಮಾತಾಡಿಸಿ. ಆಗಲೂ ರಿಸೀವರ್‌ನಲ್ಲಿ ಕೆಂಪು ದೀಪ ಬರಬಾರದು. ಬಂದರೆ ಮಿಕ್ಸರ್ ತಗ್ಗಿಸಿ ಲಾಭವಿಲ್ಲ, ಸ್ವರ ಒಡೆದಿರುವುದು ಅದಕ್ಕೂ ಮೊದಲೇ. ಮೈಕಿನಲ್ಲೇ ಇರುವ 10 ಡೆಸಿಬೆಲ್ ಇಳಿಕೆಯನ್ನು ಬಳಸಬೇಕು. ಈ ಸೌಲಭ್ಯ ಇದೆಯೆಂದೇ ಬಹಳ ಜನಕ್ಕೆ ತಿಳಿಯದು. ಇನ್ನು ಮೈಕ್ ಕೂಗುವುದು. ತಲೆಯ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಕಾರ್ಡಿಯಾಯ್ಡ್ (ಎದುರಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ) ಮೈಕ್ ತನ್ನ ದಿಕ್ಕಿನ ಗುಣ ಕಳೆದುಕೊಂಡು ಎಲ್ಲ ಕಡೆಯ ಸದ್ದನ್ನೂ ಎಳೆಯುತ್ತದೆ, ಸೀಟಿ ಹೊಡೆಯುತ್ತದೆ. ಅತಿಥಿಗಳ ಕೈಗೆ ಮೈಕ್ ಕೊಡುವವರೇ ಒಂದು ಮಾತು ಹೇಳಬೇಕು: "ಸರ್, ಹಿಡಿ ಹಿಡ್ಕೊಳ್ಳಿ, ತಲೆ ಮುಟ್ಬೇಡಿ." ವೇದಿಕೆಯ ಮೇಲಿನವರಿಗೆ ಕೇಳಿಸಲು ಇಡುವ ಮಾನಿಟರ್ ಸ್ಪೀಕರ್ ಮೈಕಿನ ಬೆನ್ನ ಕಡೆಗೇ ಇರಲಿ.

ಗಮಕದ ವಿಷಯ ಬೇರೆಯಾಗಿ ಹೇಳಬೇಕು. ಕೆಳಗೆ ಕುಳಿತು ಹಾಡುವವರಿಗೆ, ಜಾಗ ಬದಲಾಗುವುದೇ ಇಲ್ಲದಿರುವಾಗ, ಕಾರ್ಡ್‌ಲೆಸ್ ಬೇಕೇ? ನಮ್ಮ ಪ್ರಕಾರ ಬೇಡ. ಅಲ್ಲಿ ವಯರ್ ಇರುವ ಎಸ್‌ಎಂ 58 ಸಾಕು, ಸೆಲ್ಲಿನ ಚಿಂತೆಯೂ ಇಲ್ಲ. ಕಾರ್ಡ್‌ಲೆಸ್‌ಗಳನ್ನು ನಿರೂಪಕರಿಗೂ ಸಭೆಯಲ್ಲಿ ಪ್ರಶ್ನೆ ಕೇಳುವವರಿಗೂ ಬಿಡಿ. ಬೇರೆ ಮೈಕ್ ಇಲ್ಲದೆ ಗಮಕಿಗಳಿಗೆ ಇದನ್ನೇ ಕೊಡುವುದಾದರೆ ಗಿಡ್ಡ ಸ್ಟ್ಯಾಂಡಿಗೆ ಸಿಕ್ಕಿಸಿ, ಬಾಯಿಂದ 10ರಿಂದ 15 ಸೆಂಟಿಮೀಟರ್ ದೂರದಲ್ಲಿ, ತುಸು ಓರೆಯಾಗಿ, ಹಾರ್ಮೋನಿಯಂ ಮೈಕಿನ ಹಿಂಭಾಗಕ್ಕೆ ಬರುವಂತೆ ಇಡಿ. ತೀರ ಹತ್ತಿರ ಹೋದರೆ ಮಂದ್ರ ಸ್ವರ ಉಬ್ಬಿಕೊಂಡು ಪದ್ಯದ ಅಕ್ಷರ ಮಸುಕಾಗುತ್ತದೆ. ಹಳಗನ್ನಡದ ಪದ್ಯದಲ್ಲಿ ಒಂದು ಒತ್ತಕ್ಷರ ಕೇಳದಿದ್ದರೂ ಕೇಳುಗರಿಗೆ ಅರ್ಥವೇ ಜಾರಿಹೋಗುತ್ತದೆ, ಆದ್ದರಿಂದ ಈ ದೂರವನ್ನು ಅಳೆದೇ ಇಡಿ.

ಒಂದೊಂದು ಮೈಕಿಗೆ ಎರಡು ಎಎ ಪೆನ್ಸಿಲ್ ಸೆಲ್ ಬೇಕು. ಕಂಪನಿಯ ಲೆಕ್ಕ 14 ಗಂಟೆಯವರೆಗೆ, ಅದೂ ಆಲ್ಕಲೈನ್ ಸೆಲ್ಲಿಗೆ. ಗೋಡೆ ಗಡಿಯಾರಕ್ಕೆ ಹಾಕುವ ಸಾಮಾನ್ಯ ಸೆಲ್ ಈ ಮೈಕ್ ಎಳೆಯುವ ಕರೆಂಟನ್ನು ಬಹಳ ಹೊತ್ತು ತಾಳುವುದಿಲ್ಲ. ರೀಚಾರ್ಜ್ ಸೆಲ್ ನಡೆಯುತ್ತದೆ, ಆದರೆ ಅದರ ವೋಲ್ಟೇಜ್ ಕೊನೆಯವರೆಗೂ ಒಂದೇ ಮಟ್ಟದಲ್ಲಿದ್ದು ಆಮೇಲೆ ಒಮ್ಮೆಲೇ ಕುಸಿಯುವುದರಿಂದ ಸೆಲ್ ಮುಗಿಯುತ್ತಿದೆ ಎನ್ನುವ ಮೈಕಿನ ಕೆಂಪು ದೀಪದ ಎಚ್ಚರಿಕೆ ತಡವಾಗಿ ಬರುತ್ತದೆ. ಹೊಸದು, ಹಳೆಯದು ಬೆರೆಸಬೇಡಿ. ಮೈಕ್ ಆಫ್ ಮಾಡುವ ಮುಂಚೆ ಮಿಕ್ಸರ್‌ನಲ್ಲಿ ಆ ಚಾನೆಲ್ ಇಳಿಸುವುದು ಒಳ್ಳೆಯ ಅಭ್ಯಾಸ.

ಇನ್ನು ಕೊರತೆಗಳು. ಮೊದಲನೆಯದು, ರಿಸೀವರ್‌ನ ಆಂಟೆನಾಗಳು ಒಳಗೇ ಇವೆ, ಬಿಚ್ಚಲು ಬರುವುದಿಲ್ಲ. ಕೇಬಲ್ ಹಾಕಿ ಆಂಟೆನಾವನ್ನು ವೇದಿಕೆಯ ಬಳಿ ಒಯ್ಯುವ ದಾರಿಯೇ ಇಲ್ಲ. ಸ್ಟೀಲ್ ಕಪಾಟಿನಲ್ಲಿಟ್ಟರೆ ಲೋಹದ ಪೆಟ್ಟಿಗೆಯೊಳಗೆ ಅಲೆ ನುಗ್ಗಲಾರದು. ಅಂಥ ಹಾಲ್‌ಗೆ ಬಿಚ್ಚುವ ಆಂಟೆನಾ ಇರುವ ಬಿಎಲ್‌ಎಕ್ಸ್ 4ಆರ್ ರಿಸೀವರ್ ಎರಡು ತೆಗೆದುಕೊಳ್ಳುವುದು ಸರಿ. ಎರಡನೆಯದು, ಮೈಕನ್ನು ರಿಸೀವರ್ ಎದುರು ಹಿಡಿದು ಇನ್ಫ್ರಾರೆಡ್‌ನಿಂದ ಸಿಂಕ್ ಮಾಡುವ ಸೌಲಭ್ಯ ಇಲ್ಲ. ಅದು ಇದೇ ಕಂಪನಿಯ ಡಿಜಿಟಲ್ ಎಸ್‌ಎಲ್‌ಎಕ್ಸ್‌-ಡಿಯಲ್ಲಿದೆ, ಬೆಲೆಯೂ ಮೇಲಿದೆ. ವಾರವಾರ ಬೇರೆ ಹಾಲ್‌ಗೆ ಹೋಗುವ ತಂಡಕ್ಕೆ ಆ ಹೆಚ್ಚಿನ ಹಣ ಸಾರ್ಥಕ. ಒಂದೇ ಹಾಲ್‌ನಲ್ಲಿ ಇರುವ ಸೆಟ್‌ಗೆ ಅಗತ್ಯವಿಲ್ಲ. ಮೂರನೆಯದು, ರಿಸೀವರ್ ಪ್ಲಾಸ್ಟಿಕ್ಕಿನದು, ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಒಯ್ಯುವುದಾದರೆ ಸ್ಪಂಜ್ ಹಾಕಿದ ಪೆಟ್ಟಿಗೆ ಬೇಕೇ ಬೇಕು.

ಮಳೆಗಾಲದ ನಾಲ್ಕು ತಿಂಗಳು ಸೆಲ್ ತೆಗೆದಿಟ್ಟು, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿಡಿ. ಒಳಗೇ ಬಿಟ್ಟ ಸೆಲ್ ಸೋರಿದರೆ ಹಸಿರು ಕಿಲುಬು ಸ್ಪ್ರಿಂಗ್ ತಿನ್ನುತ್ತದೆ. ಜಾಲರಿ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಅದೊಂದನ್ನೇ ಸೋಪಿನ ನೀರಲ್ಲಿ ತೊಳೆದು, ಒಳಗಿನ ಫೋಮ್ ಪೂರ್ತಿ ಒಣಗಿದ ಮೇಲೆಯೇ ಮತ್ತೆ ಹಾಕಿ.

ಕೊಳ್ಳಲು ಲ್ಯಾಮಿಂಗ್ಟನ್ ರೋಡ್‌ಗೆ ಹೋಗುವವರು ಇಷ್ಟು ನೆನಪಿಡಿ. ಎಸ್‌ಎಂ 58 ಹೆಸರಿನ ನಕಲಿ ಮಾಲು ಬೇಕಾದಷ್ಟಿದೆ. ತೀರ ಕಡಿಮೆ ಬೆಲೆ ಹೇಳಿದರೆ ಅಲ್ಲಿಗೇ ಬಿಡಿ. ಜಿಎಸ್‌ಟಿ ಬಿಲ್, ಭಾರತದ ವಾರಂಟಿ, ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಇಂಥ ರೇಡಿಯೋ ಉಪಕರಣಗಳಿಗೆ ಕೊಡುವ ಇಟಿಎ ಅನುಮೋದನೆ ಕೇಳಿ. ಅಂಗಡಿಯಲ್ಲೇ ಎರಡೂ ಮೈಕ್‌ಗಳನ್ನು ಒಟ್ಟಿಗೆ ಆನ್ ಮಾಡಿಸಿ, ಒಂದನ್ನು ಹಿಡಿದು ಫುಟ್‌ಪಾತ್‌ವರೆಗೆ ಮಾತಾಡುತ್ತ ಹೋಗಿ. ಬ್ಯಾಂಡಿನ ಅಂಕಿಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ನಾಳೆ ಒಂದೇ ಮೈಕ್ ಬೇಕಾದಾಗ ಅಂಗಡಿಯವರು ಮೊದಲು ಕೇಳುವುದು ಅದನ್ನೇ.