ಚಿಕ್ಕಮ್ಮನ ಪಚ್ಚೆ ಯಾವ ದೇಶದ್ದು? ನಾನು ಮಾಡಿ ನೋಡಿದ ಪರೀಕ್ಷೆಗಳು

ಹಾಸನದಲ್ಲಿ ನಮ್ಮದು ಚಿನ್ನಬೆಳ್ಳಿ ಕೆಲಸದ ಸಣ್ಣ ಅಂಗಡಿ. ಪಚ್ಚೆ ತರುವವರಲ್ಲಿ ಬಹಳ ಜನ ಹೇಳುವುದು 'ಇದು ಕೊಲಂಬಿಯಾದ್ದು' ಅಂತ. ನಮ್ಮ ಚಿಕ್ಕಮ್ಮನೂ ತಮ್ಮ 1988ರ ಮದುವೆ ಉಂಗುರದ ಬಗ್ಗೆ ಅದನ್ನೇ ಹೇಳುತ್ತಿದ್ದರು. ನನ್ನ ಹತ್ತಿರ ಸರ್ಟಿಫಿಕೇಟ್ ಇರುವ ಎರಡು ಬಿಡಿ ಕಲ್ಲುಗಳಿವೆ, ಒಂದು ಕೊಲಂಬಿಯಾದ್ದು, ಒಂದು ಜಾಂಬಿಯಾದ್ದು. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದೆ.

ಮೊದಲು ಮೈಕ್ರೋಸ್ಕೋಪ್. ನನಗೆ ಇದೇ ಅಚ್ಚುಮೆಚ್ಚು. ಕೊಲಂಬಿಯಾದ ಕಲ್ಲಿನಲ್ಲಿ ಅಂಚು ಹರಿದಂತಿರುವ ಪುಟ್ಟ ಗೂಡುಗಳಿದ್ದವು. ಒಳಗೆ ನೀರು, ಒಂದು ಗುಳ್ಳೆ, ಪಕ್ಕದಲ್ಲಿ ಚೌಕಾಕಾರದ ಉಪ್ಪಿನ ಹರಳು. ಅಲ್ಲಿ ಪಚ್ಚೆ ಬೆಳೆದದ್ದೇ ಕಪ್ಪು ಶೇಲ್ ಬಂಡೆಯ ಬಿರುಕುಗಳಲ್ಲಿ ಹರಿದ ಬಿಸಿ ಉಪ್ಪುನೀರಿನಿಂದ. ಆ ನೀರಿನ ಹನಿ ಇನ್ನೂ ಒಳಗೇ ಇದೆ! ಜಾಂಬಿಯಾದ್ದರಲ್ಲಿ ಕಂದು ಕಾಗೆಬಂಗಾರದ ಚೂರುಗಳು, ಆಯತಾಕಾರದ ಗೂಡುಗಳು ಕಂಡವು.

ಉಂಗುರದ ಕಲ್ಲಿನಲ್ಲಿ ನೀರು, ಗುಳ್ಳೆ, ಹರಳು ಮೂರೂ ಕಂಡಾಗ 'ಕೊಲಂಬಿಯಾದ್ದೇ' ಎಂದುಬಿಟ್ಟೆ. ಅದು ತಪ್ಪು. ಮೂರೂ ಸೇರಿದ ಗೂಡು ಜಾಂಬಿಯಾದ ಕಲ್ಲಿನಲ್ಲೂ, ಅಫ್ಘಾನಿಸ್ತಾನದ ಪಂಜ್‌ಶಿರ್ ಕಲ್ಲಿನಲ್ಲೂ ಇರಬಹುದು. ನಾನು ಗೂಡಿನ ಆಕಾರ ನೋಡಬೇಕಿತ್ತು.

ಆಮೇಲೆ ಚೆಲ್ಸಿಯಾ ಫಿಲ್ಟರ್, ಅಂದರೆ ಕಲ್ಲನ್ನು ನೋಡುವ ಬಣ್ಣದ ಸೋಸುಗಾಜು. ಅದು 1934ರಷ್ಟು ಹಳೆಯದು, ಜೇಬಿನಲ್ಲಿ ಹಿಡಿಯುತ್ತದೆ. ಅದರಲ್ಲಿ ನೋಡಿದಾಗ ಕೊಲಂಬಿಯಾದ ಕಲ್ಲು ಕೆಂಪಾಯಿತು. ಜಾಂಬಿಯಾದ್ದು ಹಸಿರಾಗಿಯೇ ಉಳಿಯಿತು, ಚಿಕ್ಕಮ್ಮನದೂ ಹಾಗೇ. ಕಬ್ಬಿಣದ ಅಂಶ ಜಾಸ್ತಿ ಇದ್ದರೆ ಆ ಕೆಂಪು ಬರುವುದಿಲ್ಲ. ಆದರೆ ಇದೊಂದನ್ನೇ ನಂಬಬೇಡಿ. ಫ್ಯಾಕ್ಟರಿಯಲ್ಲಿ ಬೆಳೆಸಿದ ಪಚ್ಚೆಯೂ ಚೆನ್ನಾಗಿ ಕೆಂಪಾಗುತ್ತದೆ.

ನನ್ನ ತಪ್ಪನ್ನು ಅಂಕಿಯಲ್ಲಿ ತೋರಿಸಿದ್ದು ರಿಫ್ರಾಕ್ಟೋಮೀಟರ್, ಅಂದರೆ ಕಲ್ಲಿನೊಳಗೆ ಬೆಳಕು ಎಷ್ಟು ಬಾಗುತ್ತದೆ ಎಂದು ಅಳೆಯುವ ಸಾಧನ. ಉಂಗುರದ ಚಿನ್ನದ ಅಂಚು ಮೇಲೆದ್ದಿದ್ದರಿಂದ ಕಲ್ಲು ಆ ಸಾಧನದ ಗಾಜಿಗೆ ತಾಗುತ್ತಿರಲಿಲ್ಲ, ಬಿಚ್ಚಲೇಬೇಕಾಯಿತು. "ನಿಧಾನ ಕಣೋ, ಒಡೆದೀತು" ಎಂದು ಚಿಕ್ಕಮ್ಮ ಪಕ್ಕದಲ್ಲೇ ನಿಂತಿದ್ದರು. ಅವರ ಭಯ ಸರಿಯೇ. ಪಚ್ಚೆಯಲ್ಲಿ ಬಿರುಕು ಸಾಮಾನ್ಯ, ಅದನ್ನು ಎಣ್ಣೆ ತುಂಬಿ ಮರೆಮಾಡಿರುತ್ತಾರೆ. ಅಲ್ಟ್ರಾಸಾನಿಕ್ ಕ್ಲೀನರ್‌ಗೆ ಹಾಕಲೇಬಾರದು. ಕೊಲಂಬಿಯಾದ ಕಲ್ಲು 1.571 ಮತ್ತು 1.577 ತೋರಿಸಿತು. ಚಿಕ್ಕಮ್ಮನದು 1.582 ಮತ್ತು 1.589. ಕಬ್ಬಿಣ, ಮೆಗ್ನೀಸಿಯಂ ಹೆಚ್ಚಾದಂತೆ ಈ ಅಂಕಿ ಏರುತ್ತದೆ. ಕೊಲಂಬಿಯಾ ಅಲ್ಲ ಎನ್ನುವಷ್ಟು ಗೊತ್ತಾಯಿತು. ಆದರೆ ಬ್ರೆಜಿಲ್‌ನ ಎಷ್ಟೋ ಕಲ್ಲುಗಳೂ ಇದೇ ಅಂಕಿ ತೋರಿಸುತ್ತವೆ.

ಹಾಗಾಗಿ ಕಲ್ಲನ್ನು ಜೈಪುರದ ಒಂದು ಲ್ಯಾಬ್‌ಗೆ ಕಳಿಸಿದೆ. ಇಂಥ ಕಡೆ ಬೆಳಕು ಹಾಯಿಸಿ ಕಬ್ಬಿಣದ ಗುರುತು ಅಳೆಯುತ್ತಾರೆ. ಲೇಸರ್ ಯಂತ್ರವಿರುವ ಲ್ಯಾಬ್‌ನಲ್ಲಿ ಕಣ್ಣಿಗೆ ಕಾಣದಷ್ಟು ಚೂರು ತೆಗೆದು ಲಿಥಿಯಂ, ಸೀಸಿಯಂ, ರುಬಿಡಿಯಂ ಎಷ್ಟಿದೆ ಎಂದೂ ನೋಡುತ್ತಾರೆ. ಆಮೇಲೆ ಗಣಿಯಿಂದಲೇ ತಂದ ಕಲ್ಲುಗಳ ಅಂಕಿಗಳ ಜೊತೆ ಹೋಲಿಸುತ್ತಾರೆ. ವರದಿಯಲ್ಲಿ 'ಜಾಂಬಿಯಾ' ಅಂತ ಬಂತು. ಅದು ತಜ್ಞರ ಅಭಿಪ್ರಾಯ ಎಂದೂ ಕೆಳಗೆ ಬರೆದಿತ್ತು. ಅದನ್ನು ಓದದೆ ಬಿಡಬೇಡಿ.

ಲ್ಯಾಬೇ ಎಲ್ಲಕ್ಕಿಂತ ಗಟ್ಟಿ, ಅದರಲ್ಲಿ ಅನುಮಾನವಿಲ್ಲ. ಆದರೆ ಊರಿನ ಹೆಸರಿಗೆ ದುಡ್ಡು ಕೊಡುವಾಗ ಮಾತ್ರ ಅದು ಬೇಕು. ಸುಮ್ನೆ ತಿಳಿಯುವ ಆಸೆಗೆ ಮೈಕ್ರೋಸ್ಕೋಪ್ ಮತ್ತು ರಿಫ್ರಾಕ್ಟೋಮೀಟರ್ ಜೊತೆಯಾಗಿ ಸಾಕು. ಒಂದನ್ನು ಬಿಟ್ಟು ಇನ್ನೊಂದನ್ನು ನಾನಂತೂ ಇನ್ನು ನಂಬುವುದಿಲ್ಲ.

ಜಾಂಬಿಯಾದಲ್ಲಿ ಬೆರಿಲಿಯಂ ಹೊತ್ತ ಬಿಸಿ ದ್ರವ ಕ್ರೋಮಿಯಂ ಇರುವ ಕಲ್ಲಿಗೆ ನುಗ್ಗಿ ಪಚ್ಚೆ ಆಯಿತು. ನಮ್ಮ ನುಗ್ಗೇಹಳ್ಳಿ ಕಡೆಯ ಬೈರಾಪುರದಲ್ಲಿ ಕ್ರೋಮೈಟ್ ಅದಿರೇ ಇದೆ. ಹಸಿರು ಬಣ್ಣ ಕೊಡುವ ಕ್ರೋಮಿಯಂ ಅದರಲ್ಲೂ ಇರುವುದು. ಇದನ್ನು ಹೇಳಿದಾಗ ಚಿಕ್ಕಮ್ಮನ ಮುಖ ಅರಳಿತು. ದೇಶ ಬದಲಾದದ್ದಕ್ಕೆ ಅವರಿಗೆ ಬೇಸರವಿಲ್ಲ. ಕಲ್ಲನ್ನು ಅದೇ ಉಂಗುರಕ್ಕೆ ಮತ್ತೆ ಕೂರಿಸಿದ್ದೇನೆ, ಈ ಸಲ ಅಂಚು ತಗ್ಗಿಸಿ.