ಮಗಳ ಶಾಲೆಯ ಕಂಪ್ಯೂಟರ್ ಲ್ಯಾಬಿಗೆ ನಾಲ್ಕು ಸ್ಟಾರ್, ಅದರ ನಿಯಮದ ಕಾಗದಕ್ಕೆ ಒಂದೂವರೆ

ಶಾಲೆಯ ಹೆಸರು ಬರೆಯಲ್ಲ, ಕೇಳಬೇಡಿ. ಗದಗಿನ ಒಂದು ಸರ್ಕಾರಿ ಹೈಸ್ಕೂಲು, ಮಗಳು ಎಂಟನೇ ಕ್ಲಾಸು, ಅಷ್ಟು ಸಾಕು. ನಾನು ಬೆಟಗೇರಿ ಕಡೆ ಸಣ್ಣದೊಂದು ಡಿಟಿಪಿ, ಪ್ರಿಂಟಿಂಗ್ ಅಂಗಡಿ ಇಟ್ಟುಕೊಂಡವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆ ಪೋಸ್ಟರ್ ನನ್ನ ಕೆಲಸ. ಯಾವ ಕಾಗದ ಕೈಗೆ ಬಂದರೂ ಮೊದಲು ಪ್ರೂಫ್ ನೋಡುವ ಚಟ ನನಗೆ. ಆ ಚಟದಿಂದಲೇ ಈ ರಿವ್ಯೂ.

ಶಾಲೆ ಶುರುವಾದ ವಾರವೇ ಮಗಳು ಲೀಗಲ್ ಸೈಜಿನ ನಾಲ್ಕು ಹಾಳೆ ತಂದಳು. ತಂತ್ರಜ್ಞಾನ ಬಳಕೆಯ ನಿಯಮಗಳು ಅಂತ ತಲೆಬರಹ. ಒಟ್ಟು 23 ನಿಯಮ, ಕೊನೆಗೆ ಎರಡು ಸಹಿ, ಅವಳದು ಮತ್ತು ನನ್ನದು. "ಅಪ್ಪಾ, ನಾಳೆನ ಕೊಡಬೇಕಂತ, ಇಲ್ಲಂದ್ರ ಲ್ಯಾಬಿನ್ಯಾಗ ಬಿಡಂಗಿಲ್ಲಂತ" ಅಂದಳು.

ಆರನೇ ನಿಯಮಕ್ಕೆ ಬರುತ್ತಿದ್ದಂತೆ ನಗು ಬಂತು. ನಿಮಗೆ ನೀಡಿರುವ ಕ್ರೋಮ್‌ಬುಕ್ ಅನ್ನು ದಿನವೂ ಮನೆಯಲ್ಲಿ ಪೂರ್ತಿ ಚಾರ್ಜ್ ಮಾಡಿಕೊಂಡು ಬರಬೇಕು ಅಂತ ಇತ್ತು. ಕ್ರೋಮ್‌ಬುಕ್ ಅಂದರೆ ಗೂಗಲ್‌ನವರ ವ್ಯವಸ್ಥೆ ಮೇಲೆ ನಡೆಯುವ ಲ್ಯಾಪ್‌ಟಾಪು. ಯಾವ ಕ್ರೋಮ್‌ಬುಕ್? ನಮ್ಮ ಲ್ಯಾಬಿನಲ್ಲಿ ಇರುವುದು ಹತ್ತು ಹಳೇ ಡೆಸ್ಕ್‌ಟಾಪು, ಅದರಲ್ಲಿ ಏಳು ನಡೆಯುತ್ತವೆ, ಅದೂ ಕರೆಂಟ್ ಇದ್ದಾಗ. ಇನ್ನೂ ಕೆಳಗೆ, ಜಿಲ್ಲಾ ಸೂಪರಿಂಟೆಂಡೆಂಟ್ ಅವರ ತೀರ್ಮಾನವೇ ಅಂತಿಮ ಅಂತ ಬೇರೆ. ಶಾಲೆಗೆ ಬಿಇಒ ಇದ್ದಾರೆ, ಡಿಡಿಪಿಐ ಇದ್ದಾರೆ. ಸೂಪರಿಂಟೆಂಡೆಂಟ್ ಅಂದರೆ ನಮಗೆ ನೆನಪಾಗುವುದು ಎಸ್‌ಪಿ ಸಾಹೇಬರು, ಇಲ್ಲವೇ ಜೈಲು. ಅಮೆರಿಕದಲ್ಲಿ ಒಂದು ಪ್ರದೇಶದ ಸರ್ಕಾರಿ ಶಾಲೆಗಳಿಗೆಲ್ಲ ಮೇಲಿರುವ ಅಧಿಕಾರಿಗೆ ಆ ಹೆಸರು. ಅಲ್ಲಿನ ಯಾವುದೋ ಶಾಲೆಯ ಕಾಗದವನ್ನು ಯಾರೋ ಯಂತ್ರಕ್ಕೆ ಹಾಕಿ ಕನ್ನಡ ಮಾಡಿಸಿದ್ದಾರೆ, ಓದಿ ನೋಡಿಲ್ಲ.

ಕಾಪಿ ಹೊಡೆದದ್ದಕ್ಕೆ ನನ್ನ ತಕರಾರಿಲ್ಲ. ಲಗ್ನಪತ್ರಿಕೆಯ ಒಕ್ಕಣೆ ನಾವೂ ಒಬ್ಬರದ್ದು ಇನ್ನೊಬ್ಬರಿಗೆ ಹಾಕುತ್ತೇವೆ, ಹೆಸರು ಬದಲಿಸುತ್ತೇವೆ ಅಷ್ಟೇ. (ಒಮ್ಮೆ ಬದಲಿಸುವುದು ಮರೆತು ವರನ ಕಡೆಯವರಿಂದ ಚೆನ್ನಾಗಿ ಬೈಸಿಕೊಂಡಿದ್ದೇನೆ.) ಕಾಪಿ ಮಾಡುವಾಗ ಏನನ್ನು ಬಿಟ್ಟರು ಅನ್ನುವುದೇ ನನ್ನ ತಕರಾರು.

ಅಮೆರಿಕದಲ್ಲಿ ಇಂಥ ಕಾಗದಕ್ಕೆ ಹಿಂದೆ ಒಂದು ಕಾನೂನಿದೆ. ಮಕ್ಕಳ ಇಂಟರ್ನೆಟ್ ರಕ್ಷಣಾ ಕಾಯ್ದೆ ಅಂತ, ಚಿಕ್ಕದಾಗಿ ಸಿಪಾ, 2000ನೇ ಇಸವಿಯದು. ಇ-ರೇಟ್ ಅನ್ನುವ ಯೋಜನೆಯಲ್ಲಿ ಶಾಲೆಗಳಿಗೆ ಇಂಟರ್ನೆಟ್ ರಿಯಾಯಿತಿಯಲ್ಲಿ ಸಿಗುತ್ತದೆ. ಆ ರಿಯಾಯಿತಿ ಬೇಕಿದ್ದರೆ ಶಾಲೆ ಕೆಟ್ಟ ಪುಟಗಳನ್ನು ತಡೆಯುವ ಫಿಲ್ಟರ್ ಹಾಕಬೇಕು, ಮಕ್ಕಳು ಏನು ನೋಡುತ್ತಾರೆ ಅಂತ ಗಮನ ಇಡಬೇಕು, ನಿಯಮ ಬರೆದಿಡಬೇಕು. ಇದಿಷ್ಟೇ ಅಲ್ಲ. ನಿಯಮ ಜಾರಿ ಮಾಡುವ ಮೊದಲು ಊರಿಗೆ ತಿಳಿಸಿ ಒಂದಾದರೂ ಸಭೆ ಕರೆಯಬೇಕು ಅಂತಲೂ ಅದರಲ್ಲೇ ಇದೆ. 2008ರಲ್ಲಿ ಇನ್ನೊಂದು ಸೇರಿತು: ಆನ್‌ಲೈನಿನಲ್ಲಿ ಹೇಗೆ ನಡೆದುಕೊಳ್ಳಬೇಕು, ಯಾರಾದರೂ ಕಾಡಿದರೆ ಏನು ಮಾಡಬೇಕು ಅಂತ ಮಕ್ಕಳಿಗೆ ಪಾಠ ಮಾಡಬೇಕು. ನಮ್ಮ ಕಾಗದಕ್ಕೆ ಮಗು ಮಾಡಬಾರದ ಕೆಲಸಗಳೆಲ್ಲ ಹಡಗು ಹತ್ತಿ ಬಂದಿವೆ. ಶಾಲೆ ಮಾಡಬೇಕಾದ ಕೆಲಸ ಒಂದೂ ಬಂದಿಲ್ಲ. ಸಭೆಯೂ ಇಲ್ಲ, ಪಾಠವೂ ಇಲ್ಲ. ಎಸ್‌ಡಿಎಂಸಿ ಅಂತ ಒಂದು ಸಮಿತಿ ಎಲ್ಲ ಸರ್ಕಾರಿ ಶಾಲೆಗೂ ಇದೆ, ಅದರ ಸದಸ್ಯರಲ್ಲಿ ಹೆಚ್ಚಿನವರು ಪೋಷಕರೇ. ಅಲ್ಲಿಗೂ ಈ ಕಾಗದ ಬಂದಿರಲಿಲ್ಲ. ನಮ್ಮ ಓಣಿಯ ಸದಸ್ಯರೊಬ್ಬರನ್ನು ಕೇಳಿದೆ, "ಹೌದ್ರೀ? ನಮಗ್ಯಾರೂ ಹೇಳೇ ಇಲ್ಲಲ್ರಿ" ಅಂದರು.

ಹದಿನಾಲ್ಕನೇ ನಿಯಮ: ಮಗು ಬಳಸುವ ಸಾಧನವನ್ನು ಶಾಲೆ ಯಾವಾಗ ಬೇಕಾದರೂ, ಕಾರಣ ಹೇಳದೆ ಪರಿಶೀಲಿಸಬಹುದು. ಲ್ಯಾಬಿನ ಕಂಪ್ಯೂಟರಾದರೆ ಸರಿ, ಅದು ಶಾಲೆಯದೇ. ಆದರೆ "ಸಾಧನ" ಅಂದರೆ ಮನೆಯ ಫೋನೂ ಸೇರುತ್ತದಾ? ಬರೆದಿಲ್ಲ. ಇದೇ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಒಂದು ಕಡೆ ಶಾಲೆಯವರೇ ಕೊಟ್ಟ ಲ್ಯಾಪ್‌ಟಾಪಿನ ಕ್ಯಾಮೆರಾ ಮನೆಯಲ್ಲಿದ್ದ ಮಕ್ಕಳ ಫೋಟೋ ತೆಗೆಯುತ್ತಿತ್ತು. ಕಳುವಾದ ಲ್ಯಾಪ್‌ಟಾಪ್ ಹುಡುಕಲು ಇಟ್ಟ ವ್ಯವಸ್ಥೆಯಂತೆ. ಅದು ಕೋರ್ಟಿಗೆ ಹೋಗಿ, 2010ರಲ್ಲಿ ರಾಜಿಗೆ 6,10,000 ಡಾಲರ್ ಕೊಟ್ಟು ಕೈತೊಳೆದುಕೊಂಡರು. ನಮ್ಮ ಶಾಲೆಯವರು ಹಾಗೆ ಮಾಡುತ್ತಾರೆ ಅಂತ ಅಲ್ಲ, ಮಾಡಲು ಲ್ಯಾಪ್‌ಟಾಪೇ ಇಲ್ಲ. ಆದರೂ ಸಹಿ ಸಹಿಯೇ ಅಲ್ವಾ.

ಹದಿನೆಂಟನೆಯದು ಫೋಟೋ ಬಗ್ಗೆ. ಮಗುವಿನ ಫೋಟೋ, ವಿಡಿಯೋ, ಮಾಹಿತಿಯನ್ನು ಶಾಲೆ ಬೇಕಾದಂತೆ ಬಳಸಬಹುದು, ಒಂದೇ ಸಾಲು. ನಮ್ಮ ದೇಶದ್ದೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದ ಒಳಗಿನವರೆಲ್ಲ ಮಕ್ಕಳು, ಅವರ ಮಾಹಿತಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಯಾವ ಮಾಹಿತಿ, ಯಾವ ಕೆಲಸಕ್ಕೆ ಅಂತ ಸರಳ ಮಾತಿನಲ್ಲಿ ಹೇಳಿ ಕೇಳಬೇಕು ಅನ್ನುವುದೂ ಆ ಕಾಯ್ದೆಯಲ್ಲೇ ಇದೆ. "ಬೇಕಾದಂತೆ" ಅನ್ನುವುದು ಸರಳ ಮಾತೇನೋ ಹೌದು. ಆದರೆ ಯಾರಿಗೆ ಬೇಕಾದಂತೆ?

ಮೊಬೈಲ್ ತಂದರೆ ಜಪ್ತಿ, ಇದು ಒಂಬತ್ತನೆಯದು. ಒಪ್ಪಿದೆ. ಆದರೆ ರಾತ್ರಿ ಎಂಟೂವರೆಗೆ ಹೋಮ್‌ವರ್ಕ್ ಬರುವುದು ಅವರವ್ವನ ವಾಟ್ಸಾಪಿಗೆ! ರೊಟ್ಟಿ ಬಡಿಯುವ ಹೊತ್ತಿಗೆ ಫೋನ್ ಮಗಳ ಕೈಗೆ ಹೋಗುತ್ತದೆ, ಲೆಕ್ಕ ನೋಡಿದ ಮೇಲೆ ಅದು ಲೆಕ್ಕದಲ್ಲೇ ಇರುತ್ತದೆಯಾ? ಇದರ ಬಗ್ಗೆ 23ರಲ್ಲಿ ಒಂದು ನಿಯಮವೂ ಇಲ್ಲ.

ಈಗ ಫಿಲ್ಟರ್. ಲ್ಯಾಬಿನಲ್ಲಿ ಏನೋ ಒಂದು ಹಾಕಿದ್ದಾರೆ. ಲಕ್ಕುಂಡಿ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದರು. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದ ಶಿಲ್ಪದ ಚಿತ್ರ ಹುಡುಕಿದರೆ ಪುಟ ಬಂದ್! ಬತ್ತಲೆ ಮೂರ್ತಿ ಅಂತಲೋ ಏನೋ. ತೀರ್ಥಂಕರರಿಗೂ ಡ್ರೆಸ್ ಕೋಡ್. ಅದೇ ಕಂಪ್ಯೂಟರಿನಲ್ಲಿ ರಮ್ಮಿ ಜಾಹೀರಾತು ಮಾತ್ರ ಆರಾಮಾಗಿ ತೆರೆಯುತ್ತಿತ್ತಂತೆ. ಇಂಥ ಫಿಲ್ಟರ್‌ಗಳು ಪದ ನೋಡುತ್ತವೆ, ವಿಳಾಸದ ಪಟ್ಟಿ ನೋಡುತ್ತವೆ, ಅರ್ಥ ನೋಡುವುದಿಲ್ಲ. ನನ್ನ ಅಂಗಡಿಯ ರೂಟರಿಗೆ ನಾನು ಕ್ಲೌಡ್‌ಫ್ಲೇರ್ ಅನ್ನುವ ಇಂಟರ್ನೆಟ್ ಕಂಪನಿಯವರ 1.1.1.3 ಹಾಕಿದ್ದೇನೆ, ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸೇವೆ ಅದು. ಪುಕ್ಕಟೆ, 2020ರಿಂದ ಇದೆ, ವೈರಸ್ ಸೈಟು ಮತ್ತು ಅಶ್ಲೀಲ ಸೈಟು ತಡೆಯುತ್ತದೆ, ಎರಡು ನಿಮಿಷದ ಕೆಲಸ. ಅದೂ ಪೂರ್ತಿ ಅಲ್ಲ, ಫೋನಿನ ಡೇಟಾ ಆನ್ ಮಾಡಿದರೆ ಅದಕ್ಕೆ ಗೊತ್ತೇ ಆಗಲ್ಲ.

ಹಾಗಾದರೆ ಲ್ಯಾಬಿಗೆ ನಾಲ್ಕು ಸ್ಟಾರ್ ಯಾಕೆ? ಅಕ್ಕೋರ ಸಲುವಾಗಿ, ಅಂದರೆ ಲ್ಯಾಬಿನ ಟೀಚರ್ ಸಲುವಾಗಿ. ಕಾಗದ ಹಿಡಿದು ಶಾಲೆಗೆ ಹೋದಾಗ ಲ್ಯಾಬಿನ ಗೋಡೆಯ ಕರಿಹಲಗೆ ನೋಡಿದೆ. ಚಪ್ಪಲಿ ಹೊರಗೆ. ಒಂದು ಕಂಪ್ಯೂಟರಿಗೆ ಇಬ್ಬರು, ಹತ್ತು ನಿಮಿಷಕ್ಕೊಮ್ಮೆ ಮೌಸ್ ಅದಲುಬದಲು. ಪಾಸ್‌ವರ್ಡ್ ಗೆಳತಿಗೂ ಹೇಳಬಾರದು, ಅಕ್ಕೋರಿಗೂ ಹೇಳಬಾರದು. ಯಾರದ್ದೇ ಫೋಟೋ ಹಾಕುವ ಮೊದಲು ಅವರನ್ನು ಕೇಳಬೇಕು. ಐದನೆಯದು: ಕೆಟ್ಟದ್ದೇನಾದರೂ ಕಂಡರೆ ಮಾನಿಟರ್ ಬಂದ್ ಮಾಡಿ ನನ್ನನ್ನು ಕರೀರಿ, ಯಾರೂ ಬೈಯಂಗಿಲ್ಲ.

ಆ ಕೊನೆಯ ಸಾಲು ನಾಲ್ಕು ಹಾಳೆಯಲ್ಲಿ ಎಲ್ಲೂ ಇಲ್ಲ. ಅಲ್ಲಿರುವುದು, ಅನುಚಿತ ವಿಷಯ ವೀಕ್ಷಿಸಿದರೆ ಶಿಸ್ತುಕ್ರಮ. ಅದನ್ನು ಓದಿದ ಹುಡುಗಿ ಏನು ಮಾಡುತ್ತಾಳೆ? ಮುಚ್ಚಿಡುತ್ತಾಳೆ. ತಾನಾಗಿ ತೆರೆದುಕೊಂಡದ್ದಾದರೂ ಮುಚ್ಚಿಡುತ್ತಾಳೆ. ನನ್ನ ಮಗಳೇ ಹೇಳಿದಳು, ಹೋದ ತಿಂಗಳು ಒಬ್ಬಳಿಗೆ ಹಾಗೆ ಏನೋ ತೆರೆದುಕೊಂಡಿತಂತೆ, ಅಳುತ್ತಾ ಅಕ್ಕೋರನ್ನು ಕರೆದಳಂತೆ, ಅಕ್ಕೋರು ಸ್ಕ್ರೀನ್ ಬಂದ್ ಮಾಡಿ, ನೀರು ಕುಡಿಸಿ, ಮರುದಿನ ಎಲ್ಲರಿಗೂ 1098 ಮತ್ತು 1930 ಬರೆಸಿದರಂತೆ. ಮೊದಲನೆಯದು ಮಕ್ಕಳ ಸಹಾಯವಾಣಿ, ಎರಡನೆಯದು ಸೈಬರ್ ವಂಚನೆಗೆ. ನಾಲ್ಕು ಹಾಳೆಯಲ್ಲಿ ಆ ಎರಡು ನಂಬರಿಗೆ ಜಾಗ ಸಿಕ್ಕಿಲ್ಲ.

ಒಂದು ಸ್ಟಾರ್ ಕತ್ತರಿಸಿದ್ದು ಕೆಟ್ಟು ನಿಂತ ಮೂರು ಕಂಪ್ಯೂಟರಿಗೆ, ಮತ್ತೆ ಯುಪಿಎಸ್ ಬ್ಯಾಟರಿಗೆ. ಅದು ಅಕ್ಕೋರ ತಪ್ಪಲ್ಲ.

ಹೆಡ್‌ಮಾಸ್ಟರಿಗೂ ಕೇಳಿದೆ. "ಸರ್, ಕ್ರೋಮ್‌ಬುಕ್ ಯಾವಾಗ ಕೊಡ್ತೀರಿ?" ಅವರು ಕಾಗದ ಇಸಗೊಂಡು ಆರನೇ ನಿಯಮ ಓದಿ, ಮತ್ತೆ ಓದಿ, ಕನ್ನಡಕ ತೆಗೆದರು. "ಫೈಲಿಗೆ ಬೇಕ್ರೀ, ಸಹಿ ಮಾಡ್ಬಿಡ್ರಿ" ಅಂದರು. ಒಳ್ಳೆಯ ಮನುಷ್ಯ, ಮೇಲಿನಿಂದ ಕೆಳಗಿನಿಂದ ಬರೇ ಕಾಗದ ಅವರಿಗೂ. ಆರು, ಹದಿನಾಲ್ಕು, ಹದಿನೆಂಟು ಅಡ್ಡಗೆರೆ ಹೊಡೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಿ, ಕೆಳಗೆ ದೊಡ್ಡ ಸಹಿ ಮಾಡಿ ಕೊಟ್ಟೆ. ಫೈಲಿಗೆ ಹೋಯಿತು. ಇವತ್ತಿನವರೆಗೆ ಯಾರೂ ಕೇಳಿಲ್ಲ.

ಅಕ್ಕೋರ ಐದು ಸಾಲನ್ನು ಮಾತ್ರ ಕಂಪೋಸ್ ಮಾಡಿ, ದೊಡ್ಡ ಅಕ್ಷರದಲ್ಲಿ ಎ3 ಹಾಳೆಗೆ ತೆಗೆದು, ಲ್ಯಾಮಿನೇಶನ್ ಮಾಡಿ ಕೊಟ್ಟಿದ್ದೇನೆ. ಕೆಳಗೆ ಎರಡೂ ನಂಬರ್ ಕೆಂಪಗೆ. ದುಡ್ಡು ತಗೊಂಡಿಲ್ಲ. ಪ್ರೂಫ್ ನೋಡಿದವಳು ಮಗಳು, "ಬೈಯಂಗಿಲ್ಲ" ಅನ್ನುವುದನ್ನು ನಾನು "ಬೈಯುವುದಿಲ್ಲ" ಅಂತ ತಿದ್ದಿದ್ದೆ, ಅವಳು ಮತ್ತೆ ಮೊದಲಿನ ಹಾಗೇ ಮಾಡಿಸಿದಳು.